ಜೋಡಿ ಬ್ರೆಡ್ಡು

ದೇವದುರ್ಗ
20 ಆಗಸ್ಟ್ 1978

ವಿಜಯಾ,

ಮದುವೆಗೆ ಬರಲಿಲ್ಲ ಎಂದು ಮೂರು ತಿಂಗಳಿಂದ ಬೈಯುತ್ತಿದ್ದೀಯ. ಇನ್ನು ಸಾಕು. ಈ ಪತ್ರದ ಜೊತೆ ಒಂದು ಗಂಟು ಬರುತ್ತದೆ. ನಮ್ಮ ಶಾಲೆಯ ಹೆಡ್‌ಮಾಸ್ಟರ್ ವಿರೂಪಣ್ಣನವರು ಮಾನ್ವಿಗೆ ಹೊರಟಿದ್ದರು, ಅವರ ಕೈಯಲ್ಲೇ ಕೊಟ್ಟಿದ್ದೇನೆ. ಬಿಚ್ಚಿ ಬೆಚ್ಚಿಬೀಳಬೇಡ. ಎರಡು ಚೌಕ ತಟ್ಟೆ, ನಡುವೆ ಕೀಲು, ಮೊಳದುದ್ದ ಹಿಡಿಕೆ. ರಾಯಚೂರಿನ ಟ್ರೇನಿಂಗ್ ಹಾಸ್ಟೆಲಿನಲ್ಲಿ ನಮ್ಮ ಹತ್ತಿರ ಇದ್ದಿತಲ್ಲ, ಅದೇ ಇಕ್ಕಳದ ಅವಳಿ. ಅದೇ ಕಮ್ಮಾರ ದಸ್ತಗೀರ್ ಸಾಬರೇ ಮಾಡಿಕೊಟ್ಟರು. “ಹಳೇದು ಮುರೀತೇನ್ರೀ ಟೀಚರಮ್ಮ?” ಎಂದು ಕೇಳಿದರು. “ಮುರ್ದಿಲ್ರೀ, ಗೆಳತಿ ಮದಿವ್ಯಾಗಿ ಬ್ಯಾರೆ ಊರಿಗಿ ಹೋದ್ಳು” ಎಂದೆ. ಪಾಪ, ಹಿಡಿಕೆಗೆ ಒಂದು ಬಳ್ಳಿಯನ್ನೂ ಕೊರೆದುಕೊಟ್ಟರು.

ಎರಡು ವರ್ಷ ನೀನು ಬರೀ ತಿಂದೆ, ಒಂದು ದಿನ ಮಾಡಲಿಲ್ಲ. ಈಗ ಕಲಿ. ಬ್ರೆಡ್ಡು ನಿನ್ನೆಯದಿರಲಿ, ಹೊಸದು ಹರಿಯುತ್ತದೆ. ಹೊರಮೈಗೆ ಬೆಣ್ಣೆ ತೆಳ್ಳಗೆ, ಒಳಮೈಗೆ ದಪ್ಪಗೆ. ಒಂದು ಹೋಳಿನ ಮೇಲೆ ಚಾಕುವಿನಿಂದ ಹೆರೆದ ಬೆಲ್ಲ, ಅದಕ್ಕೆ ಚಿಟಿಕೆ ಉಪ್ಪು. ಇನ್ನೊಂದಕ್ಕೆ ಕೆಂಪು ಮೆಣಸಿನಕಾಯಿ ರುಬ್ಬಿದ ರಂಜಕ. ನಿನ್ನದಕ್ಕೆ ಬೆಳ್ಳುಳ್ಳಿ ಬೇಡ, ಗೊತ್ತಿದೆ. ನಡುವೆ ಬಾಳೆಹಣ್ಣಿನ ಬಿಲ್ಲೆ, ಅದರ ಮೇಲೆ ಶೇಂಗಾ ಚಟ್ನಿಪುಡಿ. ಇಕ್ಕಳ ಮುಚ್ಚಿ ಕೆಂಡದ ಮೇಲೆ ಹಿಡಿ, ಉರಿಯ ಮೇಲಲ್ಲ. ಒಂದು ಮಗ್ಗುಲಿಗೆ ನೂರು ಎಣಿಸು, ಇನ್ನೊಂದಕ್ಕೆ ಅರವತ್ತು. ಅಂಚಿನಲ್ಲಿ ಬೆಲ್ಲ ಸೋರಿ ಕಬ್ಬಿಣಕ್ಕೆ ಹತ್ತಿ ಗರಿಗರಿಯಾಗುತ್ತದೆ, ಅದು ಮಾಡಿದವಳ ಪಾಲು. ತೆಗೆದ ತಕ್ಷಣ ಬಾಯಿಗಿಡಬೇಡ. ಪ್ರತಿ ಸಲ ನಾಲಿಗೆ ಸುಟ್ಟುಕೊಂಡವಳು ನೀನು.

ನೆನಪಿದೆಯಾ, ಶನಿವಾರ ಮೆಸ್ ಮುಚ್ಚುತ್ತಿತ್ತು. ನನಗೆ ಹಸಿವು. ನಿನಗೆ ಒಪ್ಪತ್ತು, ರಾತ್ರಿ ಅನ್ನ ಉಣ್ಣುವಂತಿಲ್ಲ. ಬ್ರೆಡ್ಡು ಅನ್ನವೇ ಅಲ್ಲ ಎಂದು ವಾದ ಹೂಡಿ ನೀನು ಮೂರು ಜೋಡಿ ಇಳಿಸುತ್ತಿದ್ದೆ. ಏಕಾದಶಿ ಬಂದರೆ ಮಾತ್ರ ಸೋತೆ ನಾನು. ಅವತ್ತು ಎಷ್ಟು ಆಸೆ ಹಚ್ಚಿದರೂ ನೀರನ್ನೂ ಮುಟ್ಟುತ್ತಿರಲಿಲ್ಲ ನೀನು.

ಮಸರಕಲ್ ಶಾಲೆಯಲ್ಲಿ ನಾಲ್ಕು ಕ್ಲಾಸಿಗೆ ಒಂದು ಕೋಣೆ, ಒಬ್ಬಳು ನಾನು. ಹೆಡ್‌ಮಾಸ್ಟರು ಸದಾ ಕಾಗದ ಹಿಡಿದು ಆಫೀಸುಗಳಿಗೆ ಅಲೆಯುತ್ತಿರುತ್ತಾರೆ. ಸಂಜೆ ಮನೆಗೆ ಬಂದರೆ ನಮ್ಮವ್ವನ ಜೊತೆ ಮಾತಾಡುವುದಕ್ಕೂ ಗಂಟಲಿರುವುದಿಲ್ಲ. ಶನಿವಾರ ಅರ್ಧ ದಿನ. ರಾಯಚೂರಿನ ಬಸ್ಸಿಗೆ ಬಡೇಬೀಯ ಅಂಗಡಿಗೆ ಬ್ರೆಡ್ಡು ಬರುತ್ತದೆ. ನಾಲ್ಕು ಗಂಟೆಗೆ ಸರಿಯಾಗಿ ಕೆಂಡ ಮಾಡುತ್ತೇನೆ. ನೀನೂ ಅಲ್ಲಿ ನಾಲ್ಕಕ್ಕೇ ಮಾಡು. ಊರು ಬೇರೆಯಾದರೇನು, ಒಟ್ಟಿಗೆ ತಿಂದಂತಾಗುತ್ತದೆ.

ನಿನ್ನ
ಜಂಬಮ್ಮ


ಮಾನ್ವಿ
10 ಸೆಪ್ಟೆಂಬರ್ 1978

ಜಂಬೂ,

ಗಂಟು ಬಿಚ್ಚಿದಾಗ ಅಳು ಬಂತು. ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಇಲ್ಲಿ ನಾಲ್ಕು ಗಂಟೆ ಎಂದರೆ ನನಗೆ ಬೆಳಗಿನ ನಾಲ್ಕೇ ಮೊದಲು ನೆನಪಾಗುತ್ತದೆ. ಬಾವಿಯಲ್ಲಿ ಸೇದಿ, ಒದ್ದೆ ಸೀರೆಯಲ್ಲೇ ಮಡಿನೀರು ತುಂಬಬೇಕು. ಆಮೇಲೆ ದೇವರ ಪಾತ್ರೆ, ಆಮೇಲೆ ಒಲೆ. ಅತ್ತೆ ಸತ್ಯಭಾಮಾಬಾಯಿ ಕೆಟ್ಟವರಲ್ಲ. ಅವರೂ ಮೂವತ್ತು ವರ್ಷ ಇದನ್ನೇ ಮಾಡಿದವರು, ದಣಿವು ಎಂಬ ಮಾತು ಅವರಿಗೆ ಗೊತ್ತಿಲ್ಲ ಅಷ್ಟೆ. ಇವರು, ಗುರುರಾಜರು, ತಹಸೀಲ್ ಕಚೇರಿಯಿಂದ ಬಂದು ಪೇಪರ್ ಹಿಡಿದು ಕೂತರೆ, ಏನು ಕೇಳಿದರೂ “ಅವ್ವನ್ನ ಕೇಳು” ಎನ್ನುತ್ತಾರೆ. ನಾನು ಟೀಚರ್ ಕೆಲಸಕ್ಕೆ ಅರ್ಜಿ ಹಾಕಲೇ ಎಂದಾಗಲೂ ಅದೇ ಉತ್ತರ.

ಇಕ್ಕಳವನ್ನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದೇನೆ. ಹೋಗುತ್ತ ಬರುತ್ತ ಕಾಣುತ್ತದೆ. “ಏನವಾ ಇದು?” ಎಂದರು ಅತ್ತೆ. ಹಪ್ಪಳ ಸುಡೋದು ಎಂದೆ. ಶನಿವಾರದ ಮಾತು ಒಪ್ಪಿದೆ. ನಾಲ್ಕಕ್ಕೆ.

ನಿನ್ನ
ವಿಜಯಾ


ಮಾನ್ವಿ
14 ನವೆಂಬರ್ 1978

ಜಂಬೂ,

ಪತ್ರ ತಡವಾಯಿತು. ಶ್ರಾವಣದಿಂದ ಹಿಡಿದು ದೀಪಾವಳಿಯವರೆಗೆ ಬಿಡುವೆಂಬುದು ಇಲ್ಲ. ಬೆನ್ನು ಹಿಡಿದುಕೊಂಡಿದೆ.

ಆದರೆ ಶನಿವಾರ ತಪ್ಪಿಸಿಲ್ಲ. ಮೊನ್ನೆ ಹನ್ನೊಂದನೆಯ ತಾರೀಖು ಮಾಡಿದ್ದಂತೂ ಹಾಸ್ಟೆಲಿನದ್ದಕ್ಕಿಂತ ಚೆನ್ನಾಗಿತ್ತು. ಅತ್ತೆ ಮಲಗಿದ್ದರು. ನೂರು ಎಣಿಸಿ ತಿರುವಿದೆ, ಅರವತ್ತು ಎಣಿಸಿ ತೆಗೆದೆ. ಬೆಲ್ಲ ಅಂಚಿಗೆ ಬಂದು ಗರಿಗರಿಯಾಗಿತ್ತು. ಬಾಳೆಹಣ್ಣು ಕರಗಿ ರಂಜಕದ ಖಾರವನ್ನು ಅರ್ಧ ನುಂಗಿತ್ತು. ಯಥಾಪ್ರಕಾರ ನಾಲಿಗೆ ಸುಟ್ಟುಕೊಂಡೆ. ಮರುದಿನ ತುಳಸಿ ಲಗ್ನ, ಮನೆ ತುಂಬ ಮುತ್ತೈದೆಯರು, ಆರತಿ ಹಾಡುವಾಗಲೂ ನಾಲಿಗೆ ಚುರುಚುರು ಎನ್ನುತ್ತಿತ್ತು. ಯಾರಿಗೆ ಹೇಳಲಿ? ನಿನಗೆ ಹೇಳುತ್ತಿದ್ದೇನೆ.

ನಿನ್ನ
ವಿಜಯಾ


ದೇವದುರ್ಗ
3 ಡಿಸೆಂಬರ್ 1978

ವಿಜಯಾ,

ಪತ್ರ ಓದಿದೆ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಇನ್ನೊಂದು ಸಲ ಓದಿದೆ. ತುಳಸಿ ಲಗ್ನದ ಹಿಂದಿನ ದಿನವೂ ಬಿಡದೆ ಮಾಡಿದೆಯಲ್ಲ, ಗಟ್ಟಿಗಿತ್ತಿ ನೀನು.

ಇಲ್ಲಿ ಚಳಿ. ಮಕ್ಕಳು ಬಿಸಿಲು ಬಂದ ಮೇಲೆ ಬರುತ್ತವೆ, ಅವಕ್ಕಾಗಿ ನಾನು ಬಿಸಿಲಿಗಿಂತ ಮೊದಲೇ ಬಂದಿರಬೇಕು. ಶನಿವಾರ ನಾಲ್ಕಕ್ಕೆ ನಾನು ಮಾಡುತ್ತೇನೆ. ಅಲ್ಲಿ ನೀನೂ ಮಾಡುತ್ತಿದ್ದೀಯ ಎಂದುಕೊಂಡು ತಿನ್ನುತ್ತೇನೆ. ಎಂದುಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು?

ಬೆನ್ನಿಗೆ ಎಳ್ಳೆಣ್ಣೆ ಹಚ್ಚಿಕೋ. ನಿನ್ನ ಪತ್ರಗಳಲ್ಲಿ ಬೆನ್ನುನೋವಿನ ಸುದ್ದಿಯನ್ನು ನಾನು ಪೂರ್ತಿ ನಂಬುತ್ತೇನೆ.

ಜಂಬಮ್ಮ


ದೇವದುರ್ಗ
23 ಮಾರ್ಚ್ 1980

ವಿಜಯಾ,

ಬಿಟ್ಟುಬಿಟ್ಟು ಬರೆಯುವುದೇ ನಮಗೆ ರೂಢಿಯಾಯಿತು. ಇರಲಿ. ಈಗ ಸುದ್ದಿ ಇದೆ. ಏಪ್ರಿಲ್ 21ರಿಂದ ಹತ್ತು ದಿನ ಮಾನ್ವಿಯಲ್ಲಿ ನಮಗೆ ತರಬೇತಿ. ಹೊಸ ಗಣಿತ ಕಲಿಸುತ್ತಾರಂತೆ, ಹಳೆಯದೇ ನಮ್ಮ ಮಕ್ಕಳಿಗೆ ಹತ್ತಿಲ್ಲ.

ಹತ್ತು ದಿನ ನಿನ್ನ ಮನೆಯಲ್ಲಿ ಇರಲೇ? ಪಡಸಾಲೆಯ ಒಂದು ಮೂಲೆ ಸಾಕು. ನಡುವೆ ಒಂದು ಶನಿವಾರ ಬರುತ್ತದೆ, ಇಪ್ಪತ್ತಾರಕ್ಕೆ. ಬ್ರೆಡ್ಡು ನಾನು ತರುತ್ತೇನೆ, ಇಕ್ಕಳ ನಿನ್ನದಿದೆ. ಆರು ವರ್ಷದ ಗೆಳೆತನದಲ್ಲಿ ನಾನು ಕೇಳಿದ್ದು ಇದೊಂದೇ, ಅದಕ್ಕೇ ಸಂಕೋಚವಾಗುತ್ತಿದೆ. ಆಗುವುದಿಲ್ಲವೆಂದರೆ ಆಗುವುದಿಲ್ಲ ಎಂದೇ ಬರೆ, ನಾನು ಬೇರೆ ಕಡೆ ನೋಡಿಕೊಳ್ಳುತ್ತೇನೆ. ನೆಪ ಮಾತ್ರ ಬರೆಯಬೇಡ.

ನಿನ್ನ
ಜಂಬಮ್ಮ


ಮಾನ್ವಿ
2 ಏಪ್ರಿಲ್ 1980

ಜಂಬೂ,

ನೀನು ಬರುತ್ತೀಯ ಎಂದು ಓದಿ ಎಷ್ಟು ಖುಷಿಯಾಯಿತು, ಹೇಳಲಾರೆ. ಆದರೆ ನೋಡು, ಸರಿಯಾಗಿ ಅದೇ ಹೊತ್ತಿಗೆ ಮನೆಗೆ ಸುಣ್ಣ ಬಳಿಸುತ್ತಾರೆ. ಚೀಕಲಪರ್ವಿಯಿಂದ ಇವರ ಅತ್ತೆಯ ಮನೆಯ ಕಡೆಯವರು, ಅಂದರೆ ನಮ್ಮ ಕಡೆಯವರೇ, ಬರುವವರಿದ್ದಾರೆ. ಅತ್ತೆಯವರಿಗೆ ಮಂಡಿನೋವು ಬೇರೆ. ನಿನಗೇ ಅನನುಕೂಲವಾದೀತು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ನರ್ಸ್ ಶೇಖಮ್ಮ ಇದ್ದಾರೆ, ಒಬ್ಬರೇ. ಅವರಿಗೆ ಹೇಳಿಟ್ಟಿದ್ದೇನೆ. ನೀನು ಕೊನೆಯ ದಿನ ಊಟಕ್ಕೆ ಬರಲೇಬೇಕು. ಹೋಳಿಗೆ ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡ, ಕಣೇ.

ನಿನ್ನ
ವಿಜಯಾ


ದೇವದುರ್ಗ
6 ಮೇ 1980

ಶ್ರೀಮತಿ ವಿಜಯಾಬಾಯಿಯವರಿಗೆ,

ಮೂವತ್ತನೆಯ ತಾರೀಖಿನಂದು ತಮ್ಮ ಮನೆಯಲ್ಲಿ ಊಟ ಚೆನ್ನಾಗಿತ್ತು. ಹೋಳಿಗೆ ಮೆತ್ತಗಿದ್ದವು. ತಮ್ಮ ಅತ್ತೆಯವರಿಗೂ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿರಿ. ಗೋಡೆಯ ಸುಣ್ಣ ಇನ್ನೂ ಹಳೆಯದೇ ಇತ್ತು, ಬೇಸಿಗೆ ಮುಗಿಯುವುದರೊಳಗೆ ಬಳಿಸಿದರೆ ಒಳ್ಳೆಯದು.

ತರಬೇತಿ ಮುಗಿದು ಸುಖವಾಗಿ ಊರು ಸೇರಿದೆ.

ಜಂಬಮ್ಮ, ಸಹಶಿಕ್ಷಕಿ


ಮಾನ್ವಿ
15 ಮೇ 1980

ಜಂಬೂ,

‘ಶ್ರೀಮತಿ’ ಅಂತೆ, ‘ತಮ್ಮ’ ಅಂತೆ! ಓದಿ ನಕ್ಕೂ ನಕ್ಕೂ ಸಾಕಾಯಿತು. ನಿನ್ನ ಕುಚೇಷ್ಟೆ ಹೋಗಲಿಲ್ಲ. ನೀನು ನಗುತ್ತಿದ್ದೀಯ ಎಂದು ಗೊತ್ತಾದ ಮೇಲೆಯೇ ನನಗೆ ಸಮಾಧಾನವಾದದ್ದು. ಅವತ್ತು ಊಟವಾದ ಮೇಲೆ ನೀನು ಬೇಗ ಹೊರಟೆ, ನನಗೆ ಏನೋ ಅನ್ನಿಸಿತ್ತು. ಬಸ್ಸಿನ ಹೊತ್ತಾಗಿತ್ತೇನೋ.

ಸುಣ್ಣದವನು ಕೈಕೊಟ್ಟ. ಹೋದ ಶನಿವಾರ ಮಾಡಿಕೊಂಡೆ, ನಾಲ್ಕಕ್ಕೆ. ನಿನ್ನನ್ನು ನೆನೆದು ಎರಡು ತಿಂದೆ.

ನಿನ್ನ
ವಿಜಯಾ


ಮಾನ್ವಿ
19 ಅಕ್ಟೋಬರ್ 1980
(ಕಾರ್ಡು)

ಜಂಬೂ, ಐದು ತಿಂಗಳಾಯಿತು. ಇದು ಮೂರನೆಯ ಕಾರ್ಡು. ಆರೋಗ್ಯವಾಗಿದ್ದೀಯಾ? ಅವ್ವ ಹೇಗಿದ್ದಾರೆ? ಒಂದು ಸಾಲು ಬರೆ. ವಿಜಯಾ.


ಮಾನ್ವಿ
23 ಆಗಸ್ಟ್ 1981

ಜಂಬಮ್ಮ,

ಇದಕ್ಕೆ ನೀನು ಉತ್ತರ ಬರೆಯದಿದ್ದರೂ ನಾನು ಬರೆಯಬೇಕು. ಸಾಕಾಗಿದೆ ನನಗೆ. ಕೆಲಸದಿಂದ ಅಲ್ಲ, ಕೆಲಸಕ್ಕೆ ಮೈ ಒಗ್ಗಿಹೋಗಿದೆ.

ಹೋದ ವಾರ ಅತ್ತೆ ದೇವರ ಮುಂದೆ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಇದ್ದಕ್ಕಿದ್ದಂತೆ, “ನಿನ್ನ ಗೆಳತಿ, ಆ ದೇವದುರ್ಗದ ಟೀಚರು, ಮತ್ತ ಬರಲೇ ಇಲ್ಲಲ್ಲ?” ಎಂದರು. “ಪಾಪ, ತಾನ ಎಲಿ ತಗದು ಗೋಮಾ ಹಚ್ಚಿ ಹೋದ್ಳು. ಅಕಿಗೆ ಹಂಗ ಮಾಡು ಅಂತ ಯಾರ ಹೇಳಿದ್ರು?”

“ನೀವೇ ಅಲ್ಲೇನ್ರೀ?” ಎಂದೆ.

“ನಾ ಎಲ್ಲಿ ಹೇಳಿದೆ? ನಾ ಇಲ್ಲೇ ಕೂತು ಬತ್ತಿ ಹೊಸೀಲಿಕ್ಕೆ ಹತ್ತಿದ್ದೆ. ನಾ ಬಾಯಿ ಬಿಟ್ಟಿಲ್ಲ ನೋಡು.”

ಬಿಟ್ಟಿರಲಿಲ್ಲ. ನಿನ್ನ ಕೈಯಲ್ಲಿ ಎಲೆ ತೆಗೆಸಿದವರು ಅತ್ತೆ ಎಂದು ಒಂದು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಅದನ್ನು ನಂಬಿಬಿಟ್ಟಿದ್ದೆ. ನೀನು ಊಟ ಮುಗಿಸಿ ತಲೆ ಎತ್ತಿದಾಗ, ಅತ್ತೆ ಏನಾದರೂ ಅಂದಾರು ಎಂಬ ಹೆದರಿಕೆಗೆ, ಅವರು ಅನ್ನುವ ಮೊದಲೇ ನಾನೇ ಅಂದೆ. “ಎಲಿ ಅಷ್ಟು ತಗದಬಿಡು ಜಂಬೂ, ಸಗಣಿ ಹಿತ್ತಲದಾಗ ಅದ.” ಅವರು ಹೇಳುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಹೇಳಲು ನಾನು ಅವರಿಗೆ ಬಿಡಲಿಲ್ಲ. ಹಾಸ್ಟೆಲಿನಲ್ಲಿ ನಿನ್ನ ತಟ್ಟೆಯಲ್ಲಿ ಕೈಹಾಕಿ ತಿಂದವಳು, ನೀನು ಬಗ್ಗಿ ನೆಲ ಸಾರಿಸುವುದನ್ನು ನೀರಿನ ಚೊಂಬು ಹಿಡಿದು ನೋಡುತ್ತ ನಿಂತಿದ್ದೆ.

ನೀನು ಹತ್ತು ದಿನ ಇರುತ್ತೇನೆ ಎಂದು ಬರೆದಿದ್ದನ್ನೂ ಅತ್ತೆಯವರ ಮುಂದೆ ನಾನು ಎತ್ತಲೇ ಇಲ್ಲ. ಇವರಿಗೆ ಹೇಳಿದೆ, ಅವ್ವನ್ನ ಕೇಳು ಎಂದರು. ಕೇಳಲಿಲ್ಲ. ಸುಣ್ಣವೂ ಸುಳ್ಳು, ಚೀಕಲಪರ್ವಿಯವರೂ ಸುಳ್ಳು.

ಇನ್ನೊಂದಿದೆ. ಇಕ್ಕಳ ಅಡುಗೆಮನೆಗೆ ಒಂದು ದಿನವೂ ಬಂದಿಲ್ಲ. ಅಂಗಡಿಯ ಬ್ರೆಡ್ಡು ಈ ಮನೆಯ ಹೊಸ್ತಿಲು ದಾಟುವಂತಿಲ್ಲ. ಮೊದಲನೆಯ ದಿನವೇ ಅತ್ತೆ ಅದನ್ನು ಹಿತ್ತಲಿನ ನೀರೊಲೆಗೆ ಹಾಕಿದರು, ಕೆಂಡ ಎಳೆಯಲು. ಬೇಡ ಎನ್ನಲಿಲ್ಲ ನಾನು. ಮೂರು ವರ್ಷದಿಂದ ದಿನಾ ಅದರಲ್ಲೇ ಕೆಂಡ ಎಳೆದಿದ್ದೇನೆ. ಮದುವೆಯಾದ ಮೇಲೆ ಒಂದೇ ಒಂದು ಜೋಡಿ ಬ್ರೆಡ್ಡು ನಾನು ತಿಂದಿಲ್ಲ. ಪತ್ರದಲ್ಲಿ ಬರೆಯುವಾಗ ಮಾತ್ರ ತಿನ್ನುತ್ತಿದ್ದೆ, ನಿಜವಾಗಿ ಬಾಯಲ್ಲಿ ನೀರು ಬರುತ್ತಿತ್ತು.

ಅವತ್ತು ಸಗಣಿ ತರಲು ಹಿತ್ತಲಿಗೆ ಹೋದೆಯಲ್ಲ, ಆಗ ನೀರೊಲೆಯ ಮುಂದೆ ನಿನಗೆ ಅದು ಕಂಡಿತೇ? ಈ ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ.

ವಿಜಯಾ


ದೇವದುರ್ಗ
20 ಸೆಪ್ಟೆಂಬರ್ 1981

ವಿಜಯಾ,

ಕಂಡಿತು. ಮಸಿ ಹಿಡಿದಿತ್ತು, ಒಂದು ಹಿಡಿಕೆ ಸೊಟ್ಟಾಗಿತ್ತು. ದಸ್ತಗೀರ್ ಸಾಬರು ಕೊರೆದ ಬಳ್ಳಿ ಮಾತ್ರ ಹಾಗೇ ಇತ್ತು.

ಆದರೆ ಅದು ನನಗೆ ಹೊಸದಲ್ಲ. ನೀನು ಮಾಡುತ್ತಿಲ್ಲ ಎಂದು ನನಗೆ ಮೊದಲ ವರ್ಷವೇ ಗೊತ್ತಿತ್ತು. ನವೆಂಬರ್ ಹನ್ನೊಂದಕ್ಕೆ ತಿಂದೆ, ಮರುದಿನ ತುಳಸಿ ಲಗ್ನ ಎಂದು ಬರೆದಿದ್ದೆಯಲ್ಲ. ದ್ವಾದಶಿಗೆ ತುಳಸಿ ಲಗ್ನ, ಅದರ ಹಿಂದಿನ ದಿನ ಏಕಾದಶಿ, ಅವತ್ತು ನಿಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನೇ. ಹಾಸ್ಟೆಲಿನಲ್ಲಿ ನನ್ನ ಮುಂದೆಯೇ ನೀರು ಮುಟ್ಟದವಳು ಅತ್ತೆಯ ಮನೆಯಲ್ಲಿ ಏಕಾದಶಿಯ ದಿನ ಕೆಂಡದ ಮೇಲೆ ಬ್ರೆಡ್ಡು ಸುಡುತ್ತಾಳೆಯೇ? ಸುಳ್ಳು ಹೇಳುವವಳು ಪಂಚಾಂಗವನ್ನಾದರೂ ನೋಡಬೇಕು.

ಅದಕ್ಕೆ ನಾನು ಸಿಟ್ಟಾಗಲಿಲ್ಲ. ನಿನಗೆ ಅಲ್ಲಿ ಸಾಗುತ್ತಿಲ್ಲ, ನನ್ನನ್ನು ಖುಷಿಪಡಿಸಲು ಬರೆಯುತ್ತೀಯ ಎಂದುಕೊಂಡೆ. ನಿನ್ನ ಪಾಲನ್ನೂ ನಾನೇ ಮಾಡಿ ತಿನ್ನುತ್ತಿದ್ದೆ. ಎರಡು ಜೋಡಿ ನೋಡಿ ಅವ್ವ, “ಯಾರಿಗ್ ಬೇ ಇನ್ನೊಂದು?” ಎಂದರೆ, “ಮಾನ್ವಿಯಾಕಿಗಿ” ಎನ್ನುತ್ತಿದ್ದೆ.

ಎಲೆಯದು ಬೇರೆ. ನಮ್ಮ ಮಂದಿಗೆ ಎಲೆ ತೆಗೆಯುವುದು ಹೊಸದಲ್ಲ, ಎಷ್ಟೋ ಮನೆಗಳಲ್ಲಿ ತೆಗೆದಿದ್ದೇನೆ, ಮರೆತಿದ್ದೇನೆ. ನಿನ್ನ ಬಾಯಿಂದ ಆ ಮಾತು ಬಂದದ್ದನ್ನು ಮಾತ್ರ ಮರೆಯಲಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈ ಮೂಸಿ ನೋಡಿಕೊಂಡೆ, ಹೋಳಿಗೆಯ ತುಪ್ಪದ ವಾಸನೆ ಹೋಗಿ ಸಗಣಿಯದು ಉಳಿದಿತ್ತು. ಅಂದಿನಿಂದ ಶನಿವಾರ ನಾನೂ ಕೆಂಡ ಮಾಡಿಲ್ಲ. ಬಡೇಬೀ ಕೇಳಿ ಕೇಳಿ ಸಾಕಾಗಿ ನನ್ನ ಬ್ರೆಡ್ಡನ್ನು ಬೇರೆಯವರಿಗೆ ಕೊಡುತ್ತಿದ್ದಾಳೆ.

ಅತ್ತೆ ಹೇಳಲಿಲ್ಲ, ನಾನೇ ಹೇಳಿದೆ ಎಂದು ನೀನು ಬರೆದೆ. ಇದನ್ನು ಬರೆಯದೆ ಇದ್ದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ, ನೀನು ಅತ್ತೆಯ ಕಣ್ಸನ್ನೆಗೆ ಹೇಳಿದೆ ಎಂದೇ ತಿಳಿದಿದ್ದೆ. ಈಗ ಹೆಚ್ಚು ನೋಯುತ್ತಿದೆ. ಆದರೂ ಬರೆದದ್ದು ಒಳ್ಳೆಯದಾಯಿತು.

ಕ್ಷಮಿಸಿದೆ ಎಂದು ಪತ್ರದಲ್ಲಿ ಬರೆಯುವುದಿಲ್ಲ. ಪತ್ರದಲ್ಲಿ ಏನು ಬೇಕಾದರೂ ಬರೆಯಬಹುದು, ನಾವಿಬ್ಬರೂ ನೋಡಿದ್ದೇವೆ. ಬಂದರೆ ಬಾ.

ಜಂಬಮ್ಮ


ಮಾನ್ವಿ
12 ಅಕ್ಟೋಬರ್ 1981

ಜಂಬೂ,

ದೀಪಾವಳಿ ಮುಗಿಸಿ, 31ನೆಯ ತಾರೀಖು ಶನಿವಾರ ಬರುತ್ತೇನೆ. ರಾಯಚೂರಿನಲ್ಲಿ ಇಳಿದು ನಿನ್ನ ಬ್ರೆಡ್ಡು ಬರುವ ಬಸ್ಸಿಗೇ ಹತ್ತುತ್ತೇನೆ.

ಇವರಿಗೆ ಹೇಳಿದೆ. “ಅವ್ವನ್ನ ಕೇಳು” ಎಂದರು. ಕೇಳಲಿಲ್ಲ, ಹೋಗಿ ಹೇಳಿದೆ. ಗೆಳತಿಯ ಮನೆಗೆ ಹೋಗುತ್ತೇನೆ, ಅಲ್ಲೇ ಉಣ್ಣುತ್ತೇನೆ ಎಂದೆ. ಅತ್ತೆ ಕೈಯಲ್ಲಿದ್ದ ಬತ್ತಿ ಹೊಸೆದು ಮುಗಿಸಿದರು. ಆಮೇಲೆ, “ಬಂದ ಮ್ಯಾಲೆ ತಲಿಮ್ಯಾಲೆ ಸ್ನಾನ ಮಾಡಿ ಒಳಗ ಬಾ. ಏಕಾದಶಿಯೊಳಗ ಬಂದ್ರಾತು” ಎಂದರು. ಅಷ್ಟೇ. ಇಷ್ಟಕ್ಕೆ ಮೂರು ವರ್ಷ ಹೆದರಿದ್ದೆ.

ನೀರೊಲೆಯಿಂದ ಇಕ್ಕಳ ತೆಗೆದಿಟ್ಟಿದ್ದೇನೆ. ತರುತ್ತೇನೆ.

ವಿಜಯಾ


ದೇವದುರ್ಗ
1 ನವೆಂಬರ್ 1981

ವಿಜಯಾ,

ನೀನು ಬೆಳಗಿನ ಬಸ್ಸು ಹತ್ತಿದೆ, ನಾನು ಬಂದು ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ನೀನು ಬಸ್ಸಿಳಿದಾಗ ಗುರುತೇ ಹತ್ತಲಿಲ್ಲ. ಎಷ್ಟು ಇಳಿದುಹೋಗಿದ್ದೀಯ, ಇನ್ನೂ ಮೂವತ್ತಾಗಿಲ್ಲ ನಮಗೆ. ಹುಣಸೆಹಣ್ಣು ಹಚ್ಚಿ ಇಬ್ಬರೂ ಇಕ್ಕಳ ತಿಕ್ಕಿದೆವಲ್ಲ, ಆಗ ನಿನ್ನ ಕೈ ನೋಡಿದೆ. ನನ್ನದಕ್ಕಿಂತ ಒರಟು. ನಿನ್ನ ಇಕ್ಕಳದಲ್ಲಿ ನೀನೇ ಮಾಡಿದ್ದು ಒಂದು ಮಗ್ಗುಲು ಸೀದಿತ್ತು. ಸೊಟ್ಟ ಹಿಡಿಕೆ, ಸರಿಯಾಗಿ ಮುಚ್ಚುವುದಿಲ್ಲ, ಬೆಲ್ಲವೆಲ್ಲ ಕೆಂಡಕ್ಕೆ ಸುರಿಯಿತು. ಆದರೂ ಅದನ್ನೇ ತಿಂದೆ ನಾನು. ನಾಲಿಗೆ ಸುಟ್ಟುಕೊಂಡು ನೀನು ಹಾ ಹಾ ಎಂದಾಗ, ಒಂದೂವರೆ ವರ್ಷದ ಮೇಲೆ ನನಗೆ ನಗು ಬಂತು.

ತಿಂದಾದ ಮೇಲೆ ನೀನು ಎದ್ದು, ಅವ್ವ ಹಾಕಿದ್ದ ಎಲೆ ಮಡಿಚಿಕೊಂಡು, ಸಗಣಿ ಎಲ್ಲಿದೆ ಎಂದು ಕೇಳಿದೆ. ನನಗೆ ಗೊತ್ತಾಯಿತು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ನೀನು ಬಗ್ಗಿ ಸಾರಿಸುವುದನ್ನು ನೋಡುತ್ತ ನಿಂತೆ, ನನ್ನ ಕೈಯಲ್ಲೂ ನೀರಿನ ಚೊಂಬಿತ್ತು. ನೋಡಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಅಷ್ಟರಲ್ಲಿ ಅವ್ವ ಓಡಿಬಂದು ನಿನ್ನ ರಟ್ಟೆ ಹಿಡಿದಳು. “ಏ ಯವ್ವಾ, ಇದೇನ್ ಮಾಡಾಕತ್ತಿ? ನಮ್ ಮನ್ಯಾಗ ಉಂಡೋರ ಎಲಿ ನಾವು ತೆಗಿತೀವಿ. ಎದ್ದೇಳ್ ಬೇ, ಕೈ ತೊಳ್ಕೋ.” ತಾನೇ ನೀರು ಹಾಕಿ ನಿನ್ನ ಕೈ ತೊಳೆದಳು. ಅವಳಿಗೆ ಏನೂ ಗೊತ್ತಿಲ್ಲ. ಹೇಳುವುದೂ ಇಲ್ಲ. ನಿನ್ನ ಮನೆಯಲ್ಲಿ ಅವತ್ತು ನೀನು ಆಡಬೇಕಿದ್ದ ಮಾತನ್ನು, ನನ್ನ ಮನೆಯಲ್ಲಿ ನಾನೂ ಆಡಲಿಲ್ಲ, ಅವ್ವ ಆಡಿದಳು.

ಹಾಗಾಗಿ ಈಗ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂತಿದ್ದೇವೆ, ವಿಜಯಾ. ನನಗೆ ದಣಿವಾಗಿದೆ. ನಿನಗೂ ಆಗಿದೆ. ಸಿಟ್ಟು ಹೊರುವ ಶಕ್ತಿ ಇನ್ನು ನನ್ನಲ್ಲಿಲ್ಲ.

ನಿನ್ನ ಇಕ್ಕಳ ಇಲ್ಲೇ ಬಿಟ್ಟುಹೋಗಿದ್ದೀಯ. ಅದು ನಿನ್ನ ಮನೆಗೆ ಹೋಗುವುದು ಬೇಡ, ನನ್ನದರ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ನೀನು ಬಂದಾಗ ನೀನು ಮಾಡು. ಬರದಿದ್ದ ಶನಿವಾರ ನಿನ್ನ ಪಾಲು ಅವ್ವ ತಿನ್ನುತ್ತಾಳೆ. ಮಾಡಿದೆ, ತಿಂದೆ ಎಂದು ನನಗೆ ಬರೆಯಬೇಡ.

ಬರುವ ಶನಿವಾರ ಏಳನೆಯ ತಾರೀಖು. ಕ್ಯಾಲೆಂಡರ್ ನೋಡಿದೆ, ಈ ಸಲವೂ ಕಾರ್ತಿಕದ ಏಕಾದಶಿ ಶನಿವಾರವೇ ಬಿದ್ದಿದೆ. ಬ್ರೆಡ್ಡು ಬೇಡವೆಂದು ಬಡೇಬೀಗೆ ಹೇಳಿಬಂದಿದ್ದೇನೆ. ಅವತ್ತು ನಾಲ್ಕು ಗಂಟೆಗೆ ನೀನು ತಿನ್ನುತ್ತಿರುವುದಿಲ್ಲ ಎಂಬುದು ನನಗೆ ಖಂಡಿತ ಗೊತ್ತು. ನಾನೂ ತಿನ್ನುವುದಿಲ್ಲ.

ನಿನ್ನ
ಜಂಬೂ